ಮುಖ ನೋಡಿ ಮಣೆ ಹಾಕುವ ಯಂತ್ರ

ಯುರೋಪಿಯನ್ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆಯ ಮೊದಲ ನಿಷೇಧಗಳು 2025ರ ಫೆಬ್ರುವರಿ 2ರಂದು ಜಾರಿಗೆ ಬಂದವು. ಕಚೇರಿಯಲ್ಲಾಗಲಿ ಶಾಲೆಯಲ್ಲಾಗಲಿ ಕ್ಯಾಮೆರಾ ಇಟ್ಟು, ಮುಖ ನೋಡಿ ಜನರ ಮನಸ್ಸಿನ ಭಾವನೆ ಊಹಿಸುವ ಸಾಫ್ಟ್‌ವೇರನ್ನು ಅಲ್ಲಿ ಈಗ ಬಳಸುವಂತಿಲ್ಲ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಕ್ಕೆ ಮಾತ್ರ ವಿನಾಯಿತಿ. ವ್ಯಕ್ತಿತ್ವದ ಲಕ್ಷಣಗಳಷ್ಟರಿಂದಲೇ ‘ಈತ ಮುಂದೆ ಅಪರಾಧ ಮಾಡಬಹುದು’ ಎಂದು ಅಂದಾಜು ಕಟ್ಟುವುದಕ್ಕೂ ತಡೆ ಬಿದ್ದಿದೆ. ನಮ್ಮ ದೇಶದಲ್ಲಿ ಇಂಥ ನಿಷೇಧ ಇಲ್ಲ. 2021ರ ಜನವರಿಯಲ್ಲಿ ಲಖನೌ ಪೊಲೀಸರು, ಬೀದಿಯಲ್ಲಿ ತೊಂದರೆಗೆ ಸಿಕ್ಕ ಮಹಿಳೆಯ ಮುಖಭಾವವನ್ನು ಓದಿ ತಾನಾಗಿಯೇ ಠಾಣೆಗೆ ಎಚ್ಚರಿಕೆ ಕಳಿಸುವ ಕ್ಯಾಮೆರಾಗಳನ್ನು ಹಾಕುವುದಾಗಿ ಪ್ರಕಟಿಸಿದ್ದರು.

ಕ್ಯಾಮೆರಾ ಹೊಸದು, ಅದರ ಬೆನ್ನಿಗಿರುವ ನಂಬಿಕೆ ಹಳೆಯದು. ನಾವು ಸಾಮುದ್ರಿಕ ಎನ್ನುವುದಕ್ಕೆ ಯುರೋಪಿನಲ್ಲಿ ಫಿಸಿಯಾಗ್ನಮಿ ಎಂಬ ಹೆಸರಿತ್ತು: ಮುಖದ ಆಕಾರದಿಂದ ಗುಣ ತಿಳಿಯುವ ವಿದ್ಯೆ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ವಿಜ್ಞಾನ ಇದನ್ನು ಒಪ್ಪಿಕೊಳ್ಳಲೂ ಆಗದೆ ಬಿಡಲೂ ಆಗದೆ ಒದ್ದಾಡಿತು. ಆ ಒದ್ದಾಟದಲ್ಲಿ ಅದು ನಡೆಸಿದ ಕೆಲವು ಪರೀಕ್ಷೆಗಳು ನಮಗೆ ಇವತ್ತು ನೇರವಾಗಿ ಬೇಕಾಗಿವೆ. ಆಗ ಲೆಕ್ಕ ಯಾವ ಜಾಗದಲ್ಲಿ ತಪ್ಪಿತೋ ಈಗಲೂ ಅದೇ ಜಾಗದಲ್ಲಿ ತಪ್ಪುತ್ತಿದೆ.

ಇಂಗ್ಲೆಂಡಿನಲ್ಲಿ ಇದಕ್ಕೆ ಮೊದಲಿನಿಂದಲೂ ಎರಡು ಮುಖ. 1744ರ ಅಲೆಮಾರಿ ಕಾಯ್ದೆ, ಮುಖ ನೋಡಿ ಅಥವಾ ಕೈ ನೋಡಿ ಹೇಳುವ ವಿದ್ಯೆ ತನಗಿದೆ ಎಂದು ಸೋಗು ಹಾಕುವವರನ್ನು ದಂಡನೆಗೆ ಅರ್ಹರೆಂದು ಪಟ್ಟಿ ಮಾಡಿತ್ತು. ಇನ್ನೂ ಐವತ್ತು ವರ್ಷ ಕಳೆಯುವ ಮೊದಲೇ, ಜ್ಯೂರಿಕ್‌ನ ಪಾದ್ರಿ ಯೋಹಾನ್ ಕಾಸ್ಪರ್ ಲಾವಾಟರ್ ಅದೇ ವಿಷಯದ ಮೇಲೆ 1775ರಿಂದ 1778ರವರೆಗೆ ಹೊರತಂದ ನಾಲ್ಕು ಸಂಪುಟಗಳು ಇಂಗ್ಲಿಷಿಗೆ ಬಂದು ಓದುಬರಹ ಬಲ್ಲವರ ಮನೆ ಸೇರಿದವು. ಲಾವಾಟರ್‌ಗೆ ನೆರಳುಚಿತ್ರ ಬಲು ಪ್ರಿಯ. ಜನರನ್ನು ಕುರ್ಚಿಯಲ್ಲಿ ಅಲುಗದಂತೆ ಕೂರಿಸಿ, ಪಕ್ಕದಲ್ಲಿ ಮೇಣದಬತ್ತಿ ಹಚ್ಚಿ, ಇನ್ನೊಂದು ಪಕ್ಕದ ಕಾಗದದ ಮೇಲೆ ಬಿದ್ದ ನೆರಳಿನ ಅಂಚನ್ನು ತಿದ್ದುವುದು. ನಗು, ಕೋಪ, ಕಣ್ಣಿನ ಹೊಳಪು ಎಲ್ಲ ಕಳಚಿಹೋಗಿ ಎಲುಬಿನ ಗೆರೆಯೊಂದೇ ಉಳಿಯುತ್ತದಲ್ಲ, ಗುಣ ಇರುವುದು ಅಲ್ಲೇ ಎಂಬುದು ಅವನ ವಾದ.

ಇದಕ್ಕೆ ಬಂದ ಅತ್ಯಂತ ಗಟ್ಟಿ ಉತ್ತರ ಆ ಕಾಲದ್ದೇ. ಗ್ಯೋಟಿಂಗೆನ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಲಿಖ್ಟನ್‌ಬರ್ಗ್‌ಗೆ ಗೂನುಬೆನ್ನಿತ್ತು. ದೇಹ ನೋಡಿ ಮನುಷ್ಯನ ಬೆಲೆ ಕಟ್ಟುವುದು ಎಂದರೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮುಖದಲ್ಲಿ ಎರಡು ಸಂಗತಿಗಳಿವೆ ಎಂದು ಅವನು ಬಿಡಿಸಿ ತೋರಿಸಿದ. ಬಂದು ಹೋಗುವ ಭಾವ ಒಂದು, ಹುಟ್ಟಿನಿಂದ ಬಂದ ಆಕಾರ ಇನ್ನೊಂದು. ಮೊದಲನೆಯದನ್ನು ಅಷ್ಟಿಷ್ಟು ಓದಬಹುದು, ಎರಡನೆಯದರಿಂದ ಗುಣ ಹೇಳಲಾಗದು. ಲಾವಾಟರ್ ಬಯಸಿದಂತೆ ಈ ವಿದ್ಯೆ ಬೆಳೆದುಬಿಟ್ಟರೆ, ನೇಣಿಗೆ ಯೋಗ್ಯವಾದ ತಪ್ಪು ಮಾಡುವ ಮೊದಲೇ ಮಕ್ಕಳನ್ನು ನೇಣಿಗೆ ಹಾಕುವ ದಿನ ಬರುತ್ತದೆ ಎಂದೂ ಬರೆದ. ಮುಂದಿನ ಅಪರಾಧವನ್ನು ಊಹಿಸುವ ಸಾಫ್ಟ್‌ವೇರಿನ ಮೇಲೆ ಇವತ್ತು ಎತ್ತುವ ಆಕ್ಷೇಪ ಇದೇ.

ಈ ನಂಬಿಕೆ ವಿಜ್ಞಾನಿಗಳ ಬದುಕಿಗೂ ತಾಗಿತು. 1831ರಲ್ಲಿ ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್, ಲಾವಾಟರ್‌ನ ಭಕ್ತ, ಚಾರ್ಲ್ಸ್ ಡಾರ್ವಿನ್‌ನ ಮೂಗು ನೋಡಿ, ಇಂಥ ಮೂಗಿನವನಲ್ಲಿ ದೀರ್ಘ ಪ್ರಯಾಣಕ್ಕೆ ಬೇಕಾದ ಹುರುಪು, ಛಲ ಇದ್ದೀತೇ ಎಂದು ಅನುಮಾನಪಟ್ಟಿದ್ದ. ಡಾರ್ವಿನ್ ಇದನ್ನು ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಮುಂದೆ ಮುಖದ ಅಧ್ಯಯನಕ್ಕೆ ಕೂತಾಗ ಅವನು ಮೂಗಿನ ಕಡೆ ತಿರುಗಲಿಲ್ಲ, ಸ್ನಾಯುಗಳ ಕಡೆ ತಿರುಗಿದ.

ದಾರಿ ಮಾಡಿಕೊಟ್ಟವನು ಪ್ಯಾರಿಸ್ಸಿನ ವೈದ್ಯ ದ್ಯುಶೆನ್. ಅವನಿಗೆ ಮುಖದ ಚರ್ಮದ ಸ್ಪರ್ಶಜ್ಞಾನವನ್ನೇ ಕಳೆದುಕೊಂಡಿದ್ದ ಒಬ್ಬ ಮುದುಕ ಸಿಕ್ಕಿದ್ದ. ಆ ಮುಖದ ಮೇಲೆ ವಿದ್ಯುತ್ ತಂತಿಯ ತುದಿಗಳನ್ನು ಒಂದೊಂದೇ ಸ್ನಾಯುವಿನ ಮೇಲಿಟ್ಟು, ಸ್ನಾಯು ಎಳೆದುಕೊಂಡಾಗ ಫೋಟೊ ತೆಗೆಸಿ 1862ರಲ್ಲಿ ಪ್ರಕಟಿಸಿದ. ಕೆನ್ನೆಯ ಮೂಳೆಯಿಂದ ಬಾಯಿಯ ಮೂಲೆಗೆ ಇಳಿಯುವ ಸ್ನಾಯು ನಾವು ಬೇಕೆಂದಾಗ ಎಳೆದುಕೊಳ್ಳುತ್ತದೆ. ಕಣ್ಣಿನ ಸುತ್ತಲಿನ ಸ್ನಾಯುವಿನ ಒಂದು ಭಾಗ ಅಷ್ಟು ಸುಲಭವಾಗಿ ಮಾತು ಕೇಳುವುದಿಲ್ಲ. ತುಟಿ ನಕ್ಕು ಕಣ್ಣು ನಗದ ನಗೆಯನ್ನು ನಾವು ಗುರುತಿಸುವುದು ಇದರಿಂದಲೇ.

ಡಾರ್ವಿನ್ ಆ ಫೋಟೊಗಳಲ್ಲಿ ಉತ್ತಮವಾದ ಕೆಲವನ್ನು ಆರಿಸಿ, ಯಾವ ವಿವರಣೆಯನ್ನೂ ಕೊಡದೆ ಇಪ್ಪತ್ತಕ್ಕೂ ಹೆಚ್ಚು ಜನರಿಗೆ ತೋರಿಸಿ, ಈ ಮುದುಕನಿಗೆ ಏನಾಗಿದೆ ಎಂದು ಕೇಳಿದ. ಕೆಲವು ಭಾವಗಳನ್ನು ಹೆಚ್ಚುಕಡಿಮೆ ಎಲ್ಲರೂ ಒಂದೇ ರೀತಿ ಹೇಳಿದರು. ಕೆಲವಕ್ಕೆ ಬಂದ ಉತ್ತರಗಳು ದಿಕ್ಕಾಪಾಲು. ಆಮೇಲೆ ಅವನು ತನ್ನ ಬಗ್ಗೆಯೇ ಒಂದು ಮಾತು ಒಪ್ಪಿಕೊಂಡ. ದ್ಯುಶೆನ್ ಬರೆದದ್ದನ್ನು ಓದುತ್ತಾ ಚಿತ್ರ ನೋಡಿದಾಗ ಬಹುತೇಕ ಎಲ್ಲವೂ ಸತ್ಯವೆಂದೇ ಕಂಡಿತ್ತು, ವಿವರಣೆ ಇಲ್ಲದೆ ನೋಡಿದ್ದರೆ ತಾನೂ ಇವರಂತೆಯೇ ತಬ್ಬಿಬ್ಬಾಗುತ್ತಿದ್ದೆ ಎಂದು. ಹೆಸರು ಮೊದಲು ಗೊತ್ತಾದರೆ ಮುಖದಲ್ಲಿ ಅದೇ ಕಾಣುತ್ತದೆ. ಮುಖದ ಫೋಟೊಗಳಿಗೆ ‘ಕೋಪ’, ‘ಖುಷಿ’, ‘ಅಪರಾಧಿ’ ಎಂದು ಚೀಟಿ ಅಂಟಿಸಿ ಯಂತ್ರಕ್ಕೆ ಕಲಿಸುವವರು ಈ ಪುಟವನ್ನು ಮೊದಲು ಓದಬೇಕು.

1867ರಲ್ಲಿ ಡಾರ್ವಿನ್ 16 ಪ್ರಶ್ನೆಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಿ ಲೋಕದ ನಾನಾ ಕಡೆ ಕಳಿಸಿದ. ಬೆರಗಾದಾಗ ಕಣ್ಣು, ಬಾಯಿ ಅಗಲವಾಗಿ ತೆರೆದುಕೊಳ್ಳುತ್ತವೆಯೇ, ನಾಚಿಕೆಯಾದಾಗ ಮುಖ ಕೆಂಪೇರುವುದು ಎಲ್ಲಿಯವರೆಗೆ ಇಳಿಯುತ್ತದೆ, ಹೌದು ಎನ್ನಲು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾರೆಯೇ, ಹೀಗೆ. ಭಾರತದಿಂದ ಉತ್ತರಿಸಿದವರಲ್ಲಿ ಎರ್ಸ್ಕಿನ್ ಎಂಬವರು ಒಬ್ಬರು. ಅವರು ಕೆನರಾದ ನ್ಯಾಯಾಧೀಶ ವೆಸ್ಟ್ ಅವರಿಂದಲೂ ಮಾಹಿತಿ ತರಿಸಿಕೊಟ್ಟರು, ಕೆಲವು ಭಾರತೀಯ ಗೃಹಸ್ಥರನ್ನೂ ವಿಚಾರಿಸಿದರು. ಅಂತೂ ನಮ್ಮ ಕರಾವಳಿಯ ಮುಖಗಳೂ, ಭಾವಗಳು ಮುಖದಲ್ಲಿ ಮೂಡುವ ಬಗೆಯ ಮೇಲೆ ಡಾರ್ವಿನ್ 1872ರಲ್ಲಿ ತಂದ ಪುಸ್ತಕದೊಳಗೆ ದೂರದಿಂದಲಾದರೂ ಹಾದುಹೋಗಿವೆ. ‘ಇಲ್ಲ’ ಎನ್ನಲು ಇಲ್ಲಿನವರು ತಲೆಯನ್ನು ಥಟ್ಟನೆ ಹಿಂದಕ್ಕೆಸೆದು, ಸ್ವಲ್ಪ ಪಕ್ಕಕ್ಕೆ ವಾಲಿಸಿ, ನಾಲಿಗೆಯಿಂದ ಲೊಚಗುಟ್ಟುತ್ತಾರೆ ಎಂದು ಎರ್ಸ್ಕಿನ್ ಬರೆದರು. ಆ ಲೊಚಗುಟ್ಟುವ ಸದ್ದಿಗೆ ಏನರ್ಥವಿದ್ದೀತೆಂದು ಊಹಿಸಲೂ ಆಗದು ಎಂದ ಡಾರ್ವಿನ್. ನಮಗೆ ಅದರಲ್ಲಿ ಊಹಿಸುವುದಕ್ಕೇನೂ ಇಲ್ಲ. ಎದುರಿಗೆ ಕೂತವರು ‘ಚ್ಚ್’ ಎಂದರೆ ಬೇಡವೆಂದೋ, ಪಾಪವೆಂದೋ, ಬೇಸರವೆಂದೋ ಸಂದರ್ಭ ನೋಡಿ ತಿಳಿಯುತ್ತೇವೆ. ಆ ಸಂದರ್ಭವೇ ಕ್ಯಾಮೆರಾಕ್ಕೆ ಸಿಗದ ವಸ್ತು.

ಎರ್ಸ್ಕಿನ್ ಇನ್ನೊಂದು ಮಾತು ಸೇರಿಸಿದ್ದರು: ಖಚಿತ ತೀರ್ಮಾನಕ್ಕೆ ಬರುವುದು ಕಷ್ಟ, ಏಕೆಂದರೆ ಇಲ್ಲಿಯ ಜನ ಯುರೋಪಿಯನ್ನರ ಎದುರು ತಮ್ಮ ಭಾವನೆಗಳನ್ನು ಮುಚ್ಚಿಟ್ಟುಕೊಳ್ಳುವುದನ್ನು ರೂಢಿಮಾಡಿಕೊಂಡಿದ್ದಾರೆ. ಅಧಿಕಾರ ಇರುವವರು ನೋಡುತ್ತಿರುವಾಗ ಮುಖ ಬೇರೆಯಾಗುತ್ತದೆ ಎಂಬ ಈ ಒಂದು ಸಾಲು, ತರಗತಿಯ ಕ್ಯಾಮೆರಾಕ್ಕೂ ಉದ್ಯೋಗ ಸಂದರ್ಶನದ ವಿಡಿಯೊಕ್ಕೂ ನೂರಕ್ಕೆ ನೂರು ಸಲ್ಲುತ್ತದೆ.

ಇನ್ನು ಗಾಲ್ಟನ್. ಡಾರ್ವಿನ್‌ನ ನೆಂಟ ಫ್ರಾನ್ಸಿಸ್ ಗಾಲ್ಟನ್ ಮುಖದ ಆಕಾರದಲ್ಲೇ ಗುಣವಿದೆ ಎಂದು ಆಳವಾಗಿ ನಂಬಿದವನು. ಜೈಲುಗಳ ನಿರ್ದೇಶಕ ಎಡ್ಮಂಡ್ ಡ್ಯು ಕೇನ್ ಕೊಟ್ಟ ಕೈದಿಗಳ ಫೋಟೊಗಳನ್ನು ಹಿಡಿದು, ಅಪರಾಧದ ಬಗೆಬಗೆಗೆ ಒಂದೊಂದು ಮಾದರಿ ಮುಖವನ್ನು ಹೊರತೆಗೆಯಲು ಹೊರಟ. 1878ರಲ್ಲಿ ಅವನು ವಿವರಿಸಿದ ವಿಧಾನ ಇದು. ಒಂದೇ ಭಂಗಿಯ, ಒಂದೇ ಕಡೆಯಿಂದ ಬೆಳಕು ಬಿದ್ದ ಫೋಟೊಗಳನ್ನು ಆರಿಸಬೇಕು. ಕಣ್ಣಾಲಿಗಳ ನಡುವೆ ಹಾಯುವ ಗೆರೆಗೂ ತುಟಿಗಳ ನಡುವಿನ ಗೆರೆಗೂ ಇರುವ ಅಂತರವನ್ನು ಅಳತೆಗೋಲಾಗಿ ಇಟ್ಟುಕೊಂಡು ಎಲ್ಲವನ್ನೂ ಒಂದೇ ಗಾತ್ರಕ್ಕೆ ಇಳಿಸಬೇಕು. ಪ್ರತಿ ಫೋಟೊಕ್ಕೂ ಎರಡು ಸೂಜಿತೂತು ಹಾಕಿ, ಇಸ್ಪೀಟಿನ ಕಟ್ಟಿನಂತೆ ಒಂದರ ಮುಂದೊಂದು, ಕಣ್ಣಿನ ಮೇಲೆ ಕಣ್ಣು ಕೂರುವಂತೆ, ಎರಡು ಮೊಳೆಗಳಿಗೆ ತೂಗಿಹಾಕಬೇಕು. ಎದುರಿಗೆ ಅಲುಗದ ಕ್ಯಾಮೆರಾ. ಒಂದು ಫೋಟೊದ ನಕಲು ತೆಗೆಯಲು 80 ಸೆಕೆಂಡು ಬೆಳಕು ಬೇಕು, ಕಟ್ಟಿನಲ್ಲಿ ಎಂಟು ಫೋಟೊಗಳಿವೆ ಎಂದರೆ, ಒಂದೊಂದಕ್ಕೂ 10 ಸೆಕೆಂಡು ಮಾತ್ರ. ಎಂಟೂ ಒಂದೇ ಗಾಜಿನ ಫಲಕದ ಮೇಲೆ ಬೀಳುತ್ತವೆ. ಎಲ್ಲರಲ್ಲೂ ಇರುವುದು ಗಾಢವಾಗಿ ಮೂಡುತ್ತದೆ, ಒಬ್ಬಿಬ್ಬರಲ್ಲಿರುವುದು ಮಂಜಾಗಿ ಅಳಿಸಿಹೋಗುತ್ತದೆ.

ಕೊಲೆ, ದರೋಡೆ ಮಾಡಿದವರ ಮುಖಗಳನ್ನು ಹೀಗೆ ಬೆರೆಸಿದಾಗ ಕ್ರೂರ ಮುಖವೊಂದು ಎದ್ದುಬರಬೇಕಿತ್ತು. ಮೂಡಿಬಂದದ್ದು ಬಿಡಿಬಿಡಿ ಮುಖಗಳಿಗಿಂತ ಲಕ್ಷಣವಾದ, ಸಾಧಾರಣ ಸಜ್ಜನನ ಮುಖ. ಗಾಲ್ಟನ್ ಅದನ್ನು ಮುಚ್ಚಿಡಲಿಲ್ಲ. ಕೇಡಿಗತನದ್ದೆಂದು ಕಂಡ ಸೊಟ್ಟಪಟ್ಟಗಳೆಲ್ಲ ಮಾಯವಾಗಿ, ಅಡಿಯಲ್ಲಿದ್ದ ಸಾಮಾನ್ಯ ಮನುಷ್ಯತ್ವ ಮೇಲೆ ಬಂತು ಎಂಬರ್ಥದಲ್ಲಿ ಬರೆದ. ಕಾರಣ ಸರಳ. ಒಬ್ಬನ ಮೂಗು ಎಡಕ್ಕೆ ಸೊಟ್ಟ, ಇನ್ನೊಬ್ಬನದು ಬಲಕ್ಕೆ. ಒಬ್ಬನ ಕೆನ್ನೆಯಲ್ಲಿ ಗಾಯದ ಕಲೆ, ಇನ್ನೊಬ್ಬನ ಹಣೆಯಲ್ಲಿ. ಇವೆಲ್ಲ ಅಪರಾಧಕ್ಕೆ ಸೇರಿದ ಗುರುತುಗಳಾಗಿದ್ದರೆ ಒಂದರ ಮೇಲೊಂದು ಬಿದ್ದು ಗಾಢವಾಗಬೇಕಿತ್ತು. ಗಾಢವಾಗಲಿಲ್ಲ.

ಇಷ್ಟಕ್ಕೇ ಬಿಡದೆ ಅವನು ವೈದ್ಯರ ಒಂದು ನಂಬಿಕೆಯನ್ನೂ ಪರೀಕ್ಷೆಗೆ ತಂದ. ಕ್ಷಯ ಬರುವವರಿಗೆ ಅದರದೇ ಒಂದು ನವಿರಾದ ಮುಖವಿರುತ್ತದೆ ಎಂದು ಆಗಿನ ವೈದ್ಯರು ನಂಬಿದ್ದರು. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಫ್ರೆಡರಿಕ್ ಅಕ್ಬರ್ ಮಹಮದ್ ಜೊತೆ ಸೇರಿ ಕ್ಷಯರೋಗಿಗಳ 442 ಫೋಟೊ ತೆಗೆಸಿ, ಬೇರೆ ಕಾಯಿಲೆಯವರ ಸುಮಾರು 200 ಫೋಟೊಗಳನ್ನು ಪಕ್ಕಕ್ಕಿಟ್ಟು ನೋಡಿದ. ಈ ಮಹಮದ್, ಪಟ್ನಾದಲ್ಲಿ ಹುಟ್ಟಿ ಬ್ರೈಟನ್‌ನಲ್ಲಿ ಸ್ನಾನಗೃಹ ನಡೆಸಿದ ಶೇಖ್ ದೀನ್ ಮಹಮದ್‌ನ ಮೊಮ್ಮಗ. ರಕ್ತದೊತ್ತಡದ ಅಧ್ಯಯನದಲ್ಲಿ ದೊಡ್ಡ ಹೆಸರು. ಕ್ಷಯರೋಗಿಗಳಲ್ಲಿ ಯಾವುದೇ ಒಂದು ವಿಶೇಷ ಮುಖ ಹೆಚ್ಚಾಗಿ ಕಾಣುತ್ತದೆ ಎಂಬುದಕ್ಕೆ ತಮ್ಮ ಫಲಿತಾಂಶ ಯಾವ ಆಸರೆಯನ್ನೂ ಕೊಡುವುದಿಲ್ಲ ಎಂದು ಇಬ್ಬರೂ 1882ರಲ್ಲಿ ಬರೆದರು. ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾ ತೋರಿಸಿಕೊಟ್ಟದ್ದೂ ಅದೇ ವರ್ಷ. ಆ ಪರೀಕ್ಷೆಯಲ್ಲಿ ಮೆಚ್ಚಬೇಕಾದ್ದು ಆ 200 ಫೋಟೊಗಳನ್ನು. ಹೋಲಿಕೆಗೆ ತಂದವರೂ ಆಸ್ಪತ್ರೆಯ ರೋಗಿಗಳೇ. ಮನೆಯಲ್ಲಿ ಆರೋಗ್ಯವಾಗಿದ್ದವರನ್ನು ತಂದಿದ್ದರೆ, ಕಾಯಿಲೆಬಿದ್ದವರ ಸೊರಗಿದ ಮುಖವನ್ನೇ ಕ್ಷಯದ ಮುಖ ಎಂದುಕೊಳ್ಳುವ ಅಪಾಯವಿತ್ತು.

ಇಷ್ಟೆಲ್ಲ ಆದಮೇಲೂ ಗಾಲ್ಟನ್ ನಂಬಿಕೆ ಬಿಡಲಿಲ್ಲ. 1883ರಲ್ಲಿ ಅವನು ‘ಯೂಜೆನಿಕ್ಸ್’ (‘ಉತ್ತಮ’ರ ಸಂತಾನವನ್ನೇ ಹೆಚ್ಚಿಸಿ ಮನುಷ್ಯ ತಳಿಯನ್ನು ಸುಧಾರಿಸಬೇಕೆಂಬ ವಾದ) ಎಂಬ ಪದವನ್ನು ಹುಟ್ಟಿಸಿದ ಪುಸ್ತಕದ ಮೊದಲ ಚಿತ್ರಪುಟದಲ್ಲಿದ್ದದ್ದು ಇದೇ ಬೆರಕೆ ಮುಖಗಳು. ಕೈಯಲ್ಲಿದ್ದ ಸಾಕ್ಷ್ಯ ಒಂದು ಕಡೆ, ಮನಸ್ಸು ಇನ್ನೊಂದು ಕಡೆ. ಈ ಎಳೆದಾಟ ಅವನೊಬ್ಬನದಲ್ಲ, ಆ ಕಾಲದ್ದೇ. ಇಟಲಿಯ ಲೊಂಬ್ರೋಸೊ 1876ರಲ್ಲಿ ‘ಹುಟ್ಟು ಅಪರಾಧಿ’ಯ ದವಡೆ, ಕಿವಿಗಳನ್ನು ಪಟ್ಟಿಮಾಡಿದ್ದ. ಅದನ್ನು ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳ ಅಳತೆಗಳೊಂದಿಗೆ ಪರಿಶೀಲಿಸಿ 1913ರಲ್ಲಿ ತಳ್ಳಿಹಾಕಿದ. ತಲೆಯ ಅಳತೆ ನೋಡಿ ವಿದ್ಯಾರ್ಥಿಯೊಬ್ಬ ಇಂಗ್ಲಿಷ್ ವಿಶ್ವವಿದ್ಯಾಲಯದವನೋ ಸ್ಕಾಟಿಷ್ ವಿಶ್ವವಿದ್ಯಾಲಯದವನೋ ಎಂದು ಹೇಳುವುದು, ಅವನು ಮುಂದೆ ಪ್ರೊಫೆಸರಾಗುತ್ತಾನೋ ಕೈದಿಯಾಗುತ್ತಾನೋ ಎಂದು ಹೇಳುವುದಕ್ಕಿಂತ ಸುಲಭ ಎಂಬುದು ಅವನ ತೀರ್ಮಾನ.

ಲಂಡನ್ನಿನಲ್ಲಿ ಸೋಲುತ್ತಿದ್ದ ಈ ವಿದ್ಯೆ ಭಾರತದಲ್ಲಿ ಸರ್ಕಾರಿ ಕೆಲಸವಾಯಿತು. 1901ರ ಜನಗಣತಿಯ ಆಯುಕ್ತ ಹರ್ಬರ್ಟ್ ರಿಸ್ಲಿ, ಮೂಗು ಅಗಲವಾದಷ್ಟೂ ಜಾತಿಯ ಸ್ಥಾನ ಕೆಳಗೆ ಎಂಬ ನಿಯಮವನ್ನೇ ಬರೆದಿಟ್ಟ. ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ 1909ರಲ್ಲಿ ತಂದ ಏಳು ಸಂಪುಟಗಳಲ್ಲಿ ಕನ್ನಡ ಸಮುದಾಯಗಳ ತಲೆ, ಮೂಗುಗಳ ಅಳತೆಯೂ ಇದೆ. ಮೂಗಿನ ಸೂಚ್ಯಂಕ ಎಂದರೆ ಅಗಲವನ್ನು 100ರಿಂದ ಗುಣಿಸಿ ಉದ್ದದಿಂದ ಭಾಗಿಸುವುದು. 70ಕ್ಕಿಂತ ಕಡಿಮೆ ಬಂದರೆ ‘ನೀಳ’, 85 ದಾಟಿದರೆ ‘ಅಗಲ’, ನಡುವಿನದು ‘ಮಧ್ಯಮ’. ಕೇಳಲು ಖಚಿತ. ಮಾಡಿ ನೋಡಿದರೆ ಕಷ್ಟ ಗೊತ್ತಾಗುತ್ತದೆ. ಅಗಲ 36 ಮಿ.ಮೀ., ಉದ್ದ 48 ಮಿ.ಮೀ. ಇದ್ದರೆ ಸೂಚ್ಯಂಕ 75. ಹುಬ್ಬುಗಳ ನಡುವೆ ಮೂಗಿನ ಎಲುಬು ಶುರುವಾಗುವ ಬಿಂದುವನ್ನು ಬದುಕಿರುವವರಲ್ಲಿ ಚರ್ಮದ ಮೇಲಿಂದ ಬೆರಳಾಡಿಸಿಯೇ ಹುಡುಕಬೇಕು. ಅಲ್ಲಿ 3 ಮಿ.ಮೀ. ಕೆಳಗೆ ಗುರುತು ಹಾಕಿದರೆ ಸೂಚ್ಯಂಕ 80. ಮೆತ್ತಗಿನ ಹೊಳ್ಳೆಗಳ ಮೇಲೆ ಅಳತೆಯ ಇಕ್ಕಳವಾದ ಕ್ಯಾಲಿಪರ್ ಸಡಿಲ ಹಿಡಿದು ಅಗಲ 2 ಮಿ.ಮೀ. ಹೆಚ್ಚಾಯಿತೆಂದರೆ 84ಕ್ಕೂ ಮೇಲೆ. ಅದೇ ಮನುಷ್ಯ, ಅದೇ ಮೂಗು. ಜೊತೆಗೆ, ಮೂಗಿನ ಅಗಲಕ್ಕೂ ಪೂರ್ವಿಕರು ಬದುಕಿದ ನಾಡಿನ ಸೆಕೆ, ತೇವಕ್ಕೂ ಸಂಬಂಧವಿದೆ ಎಂದು 1923ರಲ್ಲೇ ಥಾಮ್ಸನ್ ಮತ್ತು ಬಕ್ಸ್‌ಟನ್ ತೋರಿಸಿದ್ದರು. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ 1933ರಲ್ಲಿ ರಿಸ್ಲಿಯ ಅಂಕಿಗಳನ್ನು ಕೂತು ಮರುಪರಿಶೀಲಿಸಿದರು. ಇಂಥ ಮಾನವ ಅಳತೆಗಳನ್ನು ಒಂದೊಂದಾಗಿ ನೋಡದೆ, ಅವುಗಳ ನಡುವಿನ ನಂಟನ್ನೂ ಲೆಕ್ಕಕ್ಕೆ ಹಿಡಿದು ಹೋಲಿಸಲು ಅವರು ರೂಪಿಸಿದ ಸೂತ್ರ ಇವತ್ತಿನ ಯಂತ್ರಕಲಿಕೆಯಲ್ಲೂ ಬಳಕೆಯಲ್ಲಿದೆ.

ಕ್ಯಾಲಿಪರ್‌ನ ತಪ್ಪು ಹೋಯಿತು, ಲೆನ್ಸಿನ ತಪ್ಪು ಬಂತು. ಸುಮಾರು 30 ಸೆಂ.ಮೀ. ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಒಂದೂವರೆ ಮೀಟರ್ ದೂರದಿಂದ ತೆಗೆದ ಫೋಟೊಕ್ಕಿಂತ ಶೇ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಈಗಿನ ತಂತ್ರಾಂಶವೂ ಮೊದಲು ಮಾಡುವ ಕೆಲಸ ಗಾಲ್ಟನ್‌ನದೇ: ಕಣ್ಣುಗಳನ್ನು ಹುಡುಕಿ, ಎಲ್ಲ ಮುಖಗಳನ್ನೂ ಒಂದೇ ಗಾತ್ರಕ್ಕೆ ತಂದು, ಕಣ್ಣಿನ ಮೇಲೆ ಕಣ್ಣು ಕೂರಿಸುವುದು.

2016ರಲ್ಲಿ ಶಾಂಘೈನ ಇಬ್ಬರು ಸಂಶೋಧಕರು 1,856 ಚೀನೀ ಗಂಡಸರ ಫೋಟೊ ಬಳಸಿ, ಮುಖದಿಂದಲೇ ಅಪರಾಧಿಯನ್ನು ಸುಮಾರು ಶೇ 89.5ರಷ್ಟು ಸಲ ಸರಿಯಾಗಿ ಗುರುತಿಸಬಹುದು ಎಂದು ಬರೆದರು. 730 ಮಂದಿ ‘ಅಪರಾಧಿ’ಗಳ ಫೋಟೊಗಳು ಸರ್ಕಾರಿ ಗುರುತಿನ ಚೀಟಿಯಂಥವು. ಉಳಿದವು ಅಂತರ್ಜಾಲದಿಂದ ಆಯ್ದವು, ಅಂದರೆ ಜನ ಚೆನ್ನಾಗಿ ಕಾಣಲೆಂದು ಹಾಕಿಕೊಂಡಂಥವು. ಮಾದರಿಗೆಂದು ಪ್ರಬಂಧದಲ್ಲಿ ಕೊಟ್ಟ ಚಿತ್ರಗಳಲ್ಲಿ ‘ನಿರಪರಾಧಿ’ಗಳು ಬಿಳಿ ಕಾಲರಿನ ಅಂಗಿ ತೊಟ್ಟಿದ್ದಾರೆ, ‘ಅಪರಾಧಿ’ಗಳು ತೊಟ್ಟಿಲ್ಲ. ಮೂಗಿನ ತುದಿಯಿಂದ ಬಾಯಿಯ ಎರಡು ಮೂಲೆಗಳಿಗೆ ಎಳೆದ ಗೆರೆಗಳ ನಡುವಿನ ಕೋನ ಅಪರಾಧಿಗಳಲ್ಲಿ ಚಿಕ್ಕದು ಎಂಬುದು ಅವರ ಮುಖ್ಯ ಶೋಧಗಳಲ್ಲೊಂದು. ದ್ಯುಶೆನ್‌ನ ಮುದುಕನನ್ನು ನೆನಪಿಸಿಕೊಳ್ಳಿ. ಕೆನ್ನೆಯ ಸ್ನಾಯು ತುಸು ಎಳೆದರೆ ಬಾಯಿಯ ಮೂಲೆಗಳು ಹೊರಕ್ಕೂ ಮೇಲಕ್ಕೂ ಸರಿದು ಅದೇ ಕೋನ ಹಿಗ್ಗುತ್ತದೆ. ಯಂತ್ರ ಕಂಡುಹಿಡಿದದ್ದು ಮುಗುಳ್ನಗೆಯನ್ನಿರಬಹುದು ಎಂದು ಟೀಕಾಕಾರರು 2017ರಲ್ಲೇ ತೋರಿಸಿದರು. ಮಹಮದ್ ಮತ್ತು ಗಾಲ್ಟನ್ ಎಚ್ಚರದಿಂದ ಆರಿಸಿದ್ದ ಹೋಲಿಕೆಯ ಗುಂಪು ಇಲ್ಲಿ ಇರಲಿಲ್ಲ.

ಆ ಶೇಕಡಾವಾರು ನಿಜವೆಂದೇ ಇಟ್ಟುಕೊಂಡರೂ ಬಳಕೆಗೆ ಬಾರದು. 10,000 ಜನರ ಊರಿನಲ್ಲಿ 100 ಅಪರಾಧಿಗಳಿದ್ದಾರೆ, ಯಂತ್ರ ನೂರಕ್ಕೆ 90 ಸಲ ಸರಿ ಹೇಳುತ್ತದೆ ಎಂದುಕೊಳ್ಳಿ. ಅದು 90 ಅಪರಾಧಿಗಳನ್ನು ಹಿಡಿಯುತ್ತದೆ. ಉಳಿದ 9,900 ಜನರಲ್ಲಿ ನೂರಕ್ಕೆ ಹತ್ತರಂತೆ 990 ಅಮಾಯಕರ ಮೇಲೂ ಬೆರಳು ತೋರಿಸುತ್ತದೆ. ಠಾಣೆಗೆ ಕರೆಸಿಕೊಂಡ 1,080 ಜನರಲ್ಲಿ 990 ಮಂದಿ ಏನೂ ಮಾಡದವರು.

ಮುಖ ನೋಡಿ ಹೇಳುವುದರಲ್ಲಿ ಏನೋ ಇರಲೇಬೇಕು ಎಂದು ಜನರಿಗೆ ಅನ್ನಿಸುವುದಕ್ಕೂ ಕಾರಣವಿದೆ. ಅಪರಿಚಿತ ಮುಖವನ್ನು ಸೆಕೆಂಡಿನ ಹತ್ತನೇ ಒಂದು ಭಾಗ ತೋರಿಸಿದರೂ ನಾವು ‘ನಂಬಬಹುದು’, ‘ಬೇಡ’ ಎಂದು ತೀರ್ಮಾನಿಸಿಬಿಡುತ್ತೇವೆ, ಬೇರೆಯವರ ತೀರ್ಮಾನವೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಪ್ರಿನ್ಸ್‌ಟನ್‌ನಲ್ಲಿ ನಡೆದ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿದೆ. ಎಲ್ಲರೂ ಒಂದೇ ಮಾತು ಹೇಳುವುದು ಆ ಮಾತು ನಿಜ ಎಂಬುದಕ್ಕೆ ಆಧಾರವಲ್ಲ. ಮುಖ ನೋಡಿ ಮಣೆ ಹಾಕುವುದು ನಮ್ಮೆಲ್ಲರ ಅಭ್ಯಾಸ. ಆ ಅಭ್ಯಾಸವನ್ನೇ ಚೀಟಿಯಾಗಿ ಅಂಟಿಸಿ ಕೊಟ್ಟರೆ ಯಂತ್ರ ಕಲಿಯುವುದೂ ಅದನ್ನೇ.

ಚಲಿಸುವ ಮುಖದ ವಿಷಯ ಆಕಾರದಷ್ಟು ಕೆಟ್ಟದ್ದಲ್ಲವಾದರೂ ಅಲ್ಲೂ ಎಡವಲು ಜಾಗವಿದೆ. ಮನೋವಿಜ್ಞಾನಿ ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು 2019ರಲ್ಲಿ ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಕೋಪ ಬಂದವರು ಹುಬ್ಬುಗಂಟಿಕ್ಕುವುದು ಸರಾಸರಿ ಶೇ 30ರಷ್ಟು ಸಲ ಮಾತ್ರ ಎಂದರು. ಕೋಪವಿಲ್ಲದೆ ಹುಬ್ಬು ಗಂಟಿಕ್ಕುವುದೂ ಉಂಟು. ಬಿಸಿಲಿನಲ್ಲಿ, ಸಣ್ಣ ಅಕ್ಷರ ಓದುವಾಗ, ಪಾಠಕ್ಕೆ ಗಮನ ಕೊಟ್ಟಾಗ. ಉದ್ಯೋಗ ಸಂದರ್ಶನದ ವಿಡಿಯೊ ವಿಶ್ಲೇಷಿಸುವ ಹೈರ್‌ವ್ಯೂ ಕಂಪನಿ ಮುಖದ ವಿಶ್ಲೇಷಣೆ ಕೈಬಿಟ್ಟದ್ದನ್ನು 2021ರ ಜನವರಿಯಲ್ಲಿ ತಿಳಿಸಿತು. ಮೈಕ್ರೊಸಾಫ್ಟ್ 2022ರ ಜೂನ್‌ನಲ್ಲಿ ಭಾವನೆ ಊಹಿಸುವ ಸೌಲಭ್ಯ ಹಿಂತೆಗೆದುಕೊಳ್ಳುವುದಾಗಿ ಹೇಳಿತು.

ಯುರೋಪಿನ ಕಾಯ್ದೆ ಗೆರೆ ಎಳೆದಿರುವ ಜಾಗ ಈ ಹಿನ್ನೆಲೆಯಲ್ಲಿ ಸರಿಯೆನಿಸುತ್ತದೆ. ಒಬ್ಬರು ನಗುತ್ತಿದ್ದಾರೆ ಎಂದು ಯಂತ್ರ ಗುರುತಿಸಿದರೆ ಅದು ಭಾವನೆಯ ಊಹೆಯಲ್ಲ, ನಗುತ್ತಿರುವುದರಿಂದ ಸಂತೋಷವಾಗಿದ್ದಾರೆ ಎಂದು ತೀರ್ಮಾನಿಸಿದರೆ ಹೌದು. ಚಾಲಕ ದಣಿದು ತೂಕಡಿಸುತ್ತಿದ್ದಾನೆ ಎಂದು ಎಚ್ಚರಿಸುವ ಕ್ಯಾಮೆರಾಕ್ಕೂ ಈ ನಿಷೇಧ ತಟ್ಟುವುದಿಲ್ಲ, ದಣಿವು ದೇಹದ ಸ್ಥಿತಿ. ಕಾಣುವುದು ಬೇರೆ, ಕಂಡದ್ದರಿಂದ ಒಳಗನ್ನು ಊಹಿಸುವುದು ಬೇರೆ ಎಂಬ ಈ ವಿವೇಕ ಲಿಖ್ಟನ್‌ಬರ್ಗ್‌ನ ಕಾಲದ್ದು.

ಭಾರತದ ಕಾನೂನಿನಲ್ಲಿ ಈ ಗೆರೆ ಎಲ್ಲೂ ಇಲ್ಲ. 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಫೋಟೊ, ಬೆರಳಚ್ಚು, ಕಣ್ಣಿನ ಪಾಪೆ, ಸಹಿ, ಕೈಬರಹ ಇವೆಲ್ಲವನ್ನೂ ‘ಅಳತೆ’ ಎಂದು ಕರೆದು 75 ವರ್ಷ ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಚಹರೆಯಿಂದ ಆಳು ಯಾರೆಂದು ಪತ್ತೆಹಚ್ಚುವುದು ಒಂದು ಕೆಲಸ, ಆಳು ಎಂಥವನೆಂದು ಹೇಳುವುದು ಬೇರೆಯದೇ ಕೆಲಸ. ಮೊದಲನೆಯದಕ್ಕೆಂದು ಕೂಡಿಟ್ಟ ಚಿತ್ರಗಳನ್ನು ಎರಡನೆಯದಕ್ಕೆ ಬಳಸಕೂಡದು ಎಂಬ ಒಂದು ಸಾಲನ್ನು ಆ ಕಾಯ್ದೆಗೆ ಸೇರಿಸಲೇಬೇಕು. ಗಾಲ್ಟನ್‌ನ ಮೇಜಿಗೆ ಬಂದದ್ದೂ ಜೈಲಿನ ದಾಖಲೆಗೆಂದು ತೆಗೆದ ಫೋಟೊಗಳೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ ಮುಖದ ಮಾಹಿತಿಯನ್ನು ಪ್ರತ್ಯೇಕ ಸೂಕ್ಷ್ಮ ವರ್ಗವಾಗಿ ಕಾಣುವುದಿಲ್ಲ. ಅದರ ಸೆಕ್ಷನ್ 7, ನೌಕರಿಗೆ ಸಂಬಂಧಿಸಿದ ಉದ್ದೇಶಗಳಿಗೆ ಒಪ್ಪಿಗೆ ಕೇಳದೆಯೂ ಮಾಹಿತಿ ಬಳಸಲು ದಾರಿ ಬಿಟ್ಟಿದೆ. ಒಪ್ಪಿಗೆ ಕೇಳಬೇಕಾದ ಕಡೆ, ಯಾವ ಮಾಹಿತಿಯನ್ನು ಯಾವ ಉದ್ದೇಶಕ್ಕೆ ತೆಗೆದುಕೊಳ್ಳುತ್ತಿದ್ದೇವೆ ಎಂದು ಸೂಚನೆ ಕೊಡಲೇಬೇಕು. ಆ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯೂ ಇರಬೇಕು. ಕಾಯ್ದೆಯ ಈ ಸೆಕ್ಷನ್‌ಗಳು ಜಾರಿಗೆ ಬಂದ ಮೇಲೆ, ವಿಡಿಯೊ ಸಂದರ್ಶನದ ಲಿಂಕ್ ಬಂದಾಗ ಆ ಸೂಚನೆಯನ್ನು ಕನ್ನಡದಲ್ಲೇ ಕೇಳಿ ಪಡೆಯಬಹುದು. ಮುಖದ ವಿಶ್ಲೇಷಣೆ ಎಂಬ ಮಾತು ಅದರಲ್ಲಿ ಇದೆಯೇ, ಇದ್ದರೆ ಯಾವುದಕ್ಕೆ ಎಂದು ಅಲ್ಲಿ ನೋಡಬೇಕು.